ನಾಯಿಯ ಬಾಳಸಂಗಾತಿ

ಪುರಸಭೆಯ ಮಾಸಪತ್ರಿಕೆಯಲ್ಲಿ ಇನ್ನು ಮೇಲೆ ‘ಯಜಮಾನ’ ಎಂಬ ಮಾತು ಬರಕೂಡದು ಎಂದು ಮೇಲಧಿಕಾರಿ ಇವಾಸೆ ಮೇಡಂ ಹೇಳಿದಾಗ ಕುರಾಮೊಚಿಗೆ ಊಟದ ಹೊತ್ತು. ಯಾರೋ ಹೆಂಗಸು ಫೋನ್ ಮಾಡಿ ಬೇಸರ ಹೇಳಿಕೊಂಡಿದ್ದರಂತೆ: ಗಂಡ ಯಜಮಾನನಾದರೆ ಹೆಂಡತಿ ಆಳೇ? ಅರ್ಧ ಆಯಸ್ಸು ಈ ಪತ್ರಿಕೆ ಬರೆದೇ ಸವೆಸಿದ್ದ ಕುರಾಮೊಚಿಗೆ ಇದು ಕೆಲಸವಿಲ್ಲದವರ ತಲೆಹರಟೆ ಎನಿಸಿತು. ‘ಯಜಮಾನ’ ಇದ್ದಲ್ಲೆಲ್ಲ ‘ಬಾಳಸಂಗಾತಿ’ ಹಾಕು ಎಂದು ಕಂಪ್ಯೂಟರಿಗೆ ಹೇಳಿ, ಒಂದು ಗುಂಡಿ ಒತ್ತಿ, ಓದಿಯೂ ನೋಡದೆ ಅಚ್ಚಿಗೆ ಕಳಿಸಿ, ನೂಡಲ್ಸ್ ತಿನ್ನಲು ಹೋದ.

ಪತ್ರಿಕೆ ಮನೆಮನೆ ಸೇರಿದ ದಿನ ಕಚೇರಿಯ ಬಾಗಿಲು ತೆರೆಯುವ ಮೊದಲೇ ಫೋನುಗಳು ಹಸಿದ ಕೂಸುಗಳ ಹಾಗೆ ಅರಚುತ್ತಿದ್ದವು. ಪಕ್ಕದ ಮೇಜಿನ ಮುಕಾಯ್ ಪತ್ರಿಕೆ ಹಿಡಿದು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ.

“‘ಸಾಕುನಾಯಿ ಬೀದಿಯಲ್ಲಿ ಮಲವಿಸರ್ಜನೆ ಮಾಡಿದರೆ ಅದರ ಬಾಳಸಂಗಾತಿಯೇ ಎತ್ತತಕ್ಕದ್ದು.’ ಕುರಾಮೊಚಿ ಸಾನ್, ಮದುವೆ ಎಲ್ಲಿ ನೋಂದಾಯಿಸ್ಬೇಕು? ನಮ್ಮ ಕೌಂಟರಲ್ಲೇನಾ?”

ಕುರಾಮೊಚಿಯ ಕಿವಿ ಬೇಯಿಸಿದ ಸೀಗಡಿಯಂತೆ ಕೆಂಪಾಯಿತು. ಅಷ್ಟರಲ್ಲಿ ತೋಫು ಮಾರುವ ಒಕುದಾಯಿರಾ ರಬ್ಬರ್ ಬೂಟಿನಿಂದ ನೀರು ತೊಟ್ಟಿಕ್ಕಿಸುತ್ತ ಒಳನುಗ್ಗಿದ.

“ಏನ್ರೀ ಇದು? ‘ಸ್ಟೇಷನ್ ಬಳಿಯ ಅಂಗಡಿಯ ಬಾಳಸಂಗಾತಿ ಒಕುದಾಯಿರಾ’ ಅಂತ ಹಾಕಿದ್ದೀರಲ್ಲ! ಆ ಅಂಗಡೀಲಿ ಕೂರೋದು ಯಾರು ಗೊತ್ತಾ? ಕೆಲಸದ ಹುಡುಗಿ ರೀ! ನನ್ನ ಹೆಂಡ್ತಿ ಬೆಳಿಗ್ಗೆಯಿಂದ ಮಾತಾಡ್ತಿಲ್ಲ. ಸುಮ್ನೆ ಚಾಕು ಮಸೀತಾ ಕೂತಿದ್ದಾಳೆ.”

“ಕಂಪ್ಯೂಟರ್ ತಪ್ಪು...” ಎಂದು ಕುರಾಮೊಚಿ ತೊದಲಿದ.

“ಹಾಗಾದ್ರೆ ಕಂಪ್ಯೂಟರನ್ನೇ ನಮ್ಮನೆಗೆ ಕಳಿಸಿ. ಅವಳಿಗೆ ಅದೇ ಹೇಳ್ಲಿ.”

ಇವಾಸೆ ಮೇಡಂ ಮಾತ್ರ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪತ್ರಿಕೆಯ ಕೊನೆಯ ಪುಟವನ್ನು ಅವನ ಮುಂದಿಟ್ಟರು. ಅಲ್ಲಿ ಒಬ್ಬ ಮುದುಕಿ ಬಿಳಿ ನಾಯಿಯನ್ನು ತಬ್ಬಿಕೊಂಡ ಚಿತ್ರ. ಕೆಳಗೆ: ‘ಕಾಣೆಯಾಗಿದ್ದ ಶಿರೊ ಕೊನೆಗೂ ತನ್ನ ಬಾಳಸಂಗಾತಿ ತ್ಸುಗಾವಾ ಮಿತ್ಸುಎ ಅವರನ್ನು ಸೇರಿತು.’

“ಇವರ ಮನೆಗೆ ನೀವೇ ಹೋಗಿ ಕ್ಷಮೆ ಕೇಳ್ಬೇಕು, ಕುರಾಮೊಚಿ ಸಾನ್. ಈಗಲೇ.”

ಕ್ಷಮೆಯ ಕಾಣಿಕೆಗೆಂದು ಸಿಹಿ ಹೂರಣದ ಬನ್ನಿನ ಡಬ್ಬಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಿಡಿದು ಅವನು ಇಳಿಜಾರಿನ ಬೀದಿಯಲ್ಲಿ ನಡೆದ. ಮೀನಿನಂಗಡಿಯವಳು ಕೂಗಿದಳು: “ಯಾರ ಮದುವೆಗೆ ಹೊರಟ್ರಿ? ನಾಯಿ ಕಡೆಯವರಾ, ಅಜ್ಜಿ ಕಡೆಯವರಾ?” ಕುರಾಮೊಚಿ ಡಬ್ಬಿಯ ಗಂಟನ್ನು ನೋಡುತ್ತಲೇ ನಡೆದ.

ಬಾಗಿಲು ತೆರೆದ ತ್ಸುಗಾವಾ ಮಿತ್ಸುಎ ಅವನು ಬಾಯಿ ತೆರೆಯುವ ಮೊದಲೇ ನಕ್ಕುಬಿಟ್ಟರು.

“ನೀವೇ ಏನು ಬರೆದೋರು? ಬೆಳಿಗ್ಗೆಯಿಂದ ಅಕ್ಕಪಕ್ಕದವರೆಲ್ಲ ಬಂದು ಅಕ್ಷತೆ ಹಾಕೋದೊಂದು ಬಾಕಿ. ಕೂತ್ಕೊಳ್ಳಿ.”

ಹೊಸ್ತಿಲ ಬಳಿಯೇ ಅವನಿಗೆ ಚಹಾ ಕೊಟ್ಟರು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು:

“ಆಫೀಸಿಗೆ ಫೋನ್ ಮಾಡಿದ್ದು ನಾನೇ.”

ಕುರಾಮೊಚಿ ಚಹಾ ಬಟ್ಟಲಿನಿಂದ ತಲೆ ಎತ್ತಿದ.

“ನಮ್ಮವರು ತೀರ್ಕೊಂಡು ನಾಲ್ಕು ವರ್ಷ. ಗ್ಯಾಸಿನವನು ಬಂದ್ರೆ ‘ಯಜಮಾನ್ರನ್ನ ಕರೀರಿ’ ಅಂತಾನೆ. ಬ್ಯಾಂಕಿನವನು ‘ಯಜಮಾನ್ರು ಯಾವಾಗ ಸಿಕ್ತಾರೆ’ ಅಂತಾನೆ. ಮನೆ ನಡೆಸೋಳು ನಾನು. ಎದುರಿಗೇ ನಿಂತಿರ್ತೀನಿ. ಆದ್ರೂ ಎಲ್ಲರೂ ನನ್ನ ಹೆಗಲ ಮೇಲಿಂದ ಒಳಗೆ ಇಣುಕ್ತಾರೆ. ನಿಮ್ಮ ಪತ್ರಿಕೇಲೂ ಹಾಗೇ ಇತ್ತು. ಅದಕ್ಕೇ ಮಾಡಿದ್ದು.”

ಈವರೆಗೆ ಕುರಾಮೊಚಿಗೆ ಆಗಿದ್ದುದು ಬರೀ ಮುಜುಗರ. ಈಗ ತನ್ನ ಮೇಲೇ ನಾಚಿಕೆಯಾಯಿತು. ಚಹಾ ಬಟ್ಟಲು ಕೆಳಗಿಟ್ಟು, ಹಣೆ ಮೊಣಕಾಲಿಗೆ ತಾಗುವಷ್ಟು ಬಾಗಿದ.

“ಕಂಪ್ಯೂಟರ್ ತಪ್ಪಲ್ಲ ಅಮ್ಮ. ನಿಮ್ಮ ಮಾತನ್ನ ನಾನು ತಲೆಹರಟೆ ಅಂದ್ಕೊಂಡೆ. ಒಂದು ಗುಂಡಿ ಒತ್ತಿ ಊಟಕ್ಕೆ ಹೋದೆ. ಮುಂದಿನ ಸಂಚಿಕೆ ಒಂದೊಂದು ಸಾಲೂ ಕೂತು ಬರೀತೀನಿ.”

“ಅಷ್ಟು ಕಷ್ಟವೇನಿಲ್ಲಪ್ಪ. ಗಂಡನ್ನ ಗಂಡ ಅನ್ನಿ. ನಾಯಿ ಸಾಕಿದೋರನ್ನ ನಾಯಿ ಸಾಕಿದೋರು ಅನ್ನಿ. ಬರೆಯೋಕೆ ಮುಂಚೆ ಎದುರಿಗೆ ಇರೋರು ಯಾರು ಅಂತ ನೋಡಿ, ಸಾಕು.”

ಎಷ್ಟೋ ವರ್ಷಗಳ ಮೇಲೆ ಯಾರೋ ತನಗೆ ಬರೆಯುವುದನ್ನು ಕಲಿಸಿದರು ಎನಿಸಿ ಅವನ ಕಣ್ಣು ಹನಿಗೂಡಿತು. ಎದ್ದು ಬೂಟು ಹಾಕಿಕೊಂಡ. ಇಷ್ಟು ಸಲೀಸಾಗಿ ಕ್ಷಮೆ ಸಿಕ್ಕಿತಲ್ಲ ಎಂಬ ನೆಮ್ಮದಿಯಲ್ಲಿ, ಜೀವಮಾನವಿಡೀ ಪ್ರತಿ ಬಾಗಿಲಲ್ಲೂ ಮಾಡಿದಂತೆ, ಸೊಂಟ ಬಾಗಿಸಿ ತುಂಬು ಗೌರವದಿಂದ ಹೇಳಿದ:

“ಬರ್ತೀನಿ ಅಮ್ಮ. ನಿಮ್ಮ ಯಜಮಾನರಿಗೂ ನನ್ನ ನಮಸ್ಕಾರ ತಿಳಿಸಿ.”

ಬೀದಿಯಲ್ಲಿ ಒಂದು ಸೈಕಲ್ ಹಾದುಹೋದ ಸದ್ದು ಕೇಳಿಸಿತು. ಕುರಾಮೊಚಿ ಬಾಗಿದವನು ಮೇಲೇಳಲೇ ಇಲ್ಲ.

“ಬೂಟು ಬಿಚ್ಚಿ,” ಎಂದರು ತ್ಸುಗಾವಾ ಮಿತ್ಸುಎ. “ಒಳಗೇ ಇದ್ದಾರೆ. ನೀವೇ ಹೇಳಿ.”

ಅವನು ಊದುಬತ್ತಿ ಹಚ್ಚಿ, ಪೂಜೆಯ ಗೂಡಿನ ಮುಂದೆ ಮಂಡಿಯೂರಿ ಕುಳಿತ. ಫೋಟೋದೊಳಗಿನ ಮನುಷ್ಯ ಬಲು ಸಂತೋಷದಲ್ಲಿದ್ದ.