ಮುಖಕ್ಕೆ ಭಾವ ಬರಿಸುವ ಕಸುಬು

ಭರತನಾಟ್ಯ ಕಲಿಸುವವರು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಗೆಜ್ಜೆ ಕಟ್ಟಿಕೊಂಡು, ಅಮ್ಮನ ಕೈ ಹಿಡಿದುಕೊಂಡು ಕ್ಲಾಸಿಗೆ ಬರುತ್ತದೆ. ಎರಡು ಸಾವಿರನೇ ಇಸವಿಯ ನಂತರದ ಕೆಲವು ವರ್ಷ ನಾನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಕ್ಲಾಸು ನಡೆಸುತ್ತಿದ್ದೆ. ಕಾಲಿಗೆ ತಾಳ ಕಲಿಸುವುದು ಅಂಥ ಕಷ್ಟವಲ್ಲ, ಗದರಿಸಿಯಾದರೂ ಬರಿಸಬಹುದು. ಮುಖಕ್ಕೆ ಭಾವ ಬರಿಸುವುದಿದೆಯಲ್ಲ, ಅದು ಗದರಿಸಿದಷ್ಟೂ ಒಳಗೆ ಹೋಗುತ್ತದೆ. ಅದರಲ್ಲೂ ನಮ್ಮ ಕಡೆಯವರು ಕೊಟ್ಟಿಗೆಗೆ ಬೆಂಕಿ ಬಿತ್ತು ಅಂದರೂ, ಹೆಣ್ಣಿಗೆ ಗಂಡು ಗೊತ್ತಾಯಿತು ಅಂದರೂ ಒಂದೇ ದನಿಯಲ್ಲಿ "ಹೌದಾ ಮಾರಾಯ" ಅನ್ನುವ ಜನ. ಅಂಥ ಮುಖಗಳಿಂದ ನವರಸ ಹಿಂಡುವುದು ನನ್ನ ಹೊಟ್ಟೆಪಾಡಾಗಿತ್ತು.

ಅಮ್ಮನ ಗುರು

ಕೊಪ್ಪದ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಕಾಲಿನ ಅಡವು ಚೊಕ್ಕ, ಕೈ ಚೊಕ್ಕ, ಮುಖ ಮಾತ್ರ ಆಗ ತಾನೇ ಸಾರಿಸಿದ ಗೋಡೆ. ಕೋಪ ತೋರಿಸು ಅಂದರೂ ಅದೇ, ನಗು ತೋರಿಸು ಅಂದರೂ ಅದೇ. ಅವಳ ಅಮ್ಮ ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು ಕೂತು ನಾನು ಹೇಳಿದ್ದನ್ನೆಲ್ಲ ತಾನೇ ಮಾಡುತ್ತಿದ್ದರು. ಮಗಳು ಅಮ್ಮನನ್ನು ನೋಡಿಕೊಂಡರೆ ಮಾತ್ರ ಅಷ್ಟಿಷ್ಟು ಹುಬ್ಬು ಅಲ್ಲಾಡಿಸುತ್ತಿದ್ದಳು.

ಪರೀಕ್ಷೆಯ ದಿನ ತಾಯಂದಿರನ್ನು ಹೊರಗೆ ಕಳಿಸಿದೆವು. ಈ ಅಮ್ಮ ಹೋಗಿ ಪರೀಕ್ಷಕರ ಬೆನ್ನ ಹಿಂದಿನ ಕಿಟಕಿಯಲ್ಲಿ ನಿಂತರು. ಹುಡುಗಿಯ ಕಣ್ಣು ಮತ್ತೆ ಮತ್ತೆ ತಮ್ಮ ತಲೆಯ ಮೇಲಿಂದ ಹೋಗುವುದನ್ನು ಕಂಡು ಪರೀಕ್ಷಕರು ಸರಕ್ಕನೆ ಹಿಂದೆ ತಿರುಗಿದರು. ಅಮ್ಮ ಸರಿಯಾಗಿ ಬೀಭತ್ಸದಲ್ಲಿದ್ದರು. ಮೂಗು ಸೊಟ್ಟ, ತುಟಿ ಸೊಟ್ಟ, ಕಣ್ಣಲ್ಲಿ ಜಗತ್ತಿನ ಹೇಸಿಗೆಯೆಲ್ಲ. ನಾನು ಹುಡುಗಿಯ ಕಥೆ ಮುಗಿಯಿತು ಅಂದುಕೊಂಡೆ. ಆದರೆ ಪರೀಕ್ಷಕರಿಗೆ ಸಿಟ್ಟಿಗಿಂತ ಬೆರಗು ಜಾಸ್ತಿಯಾಯಿತು. ಇಷ್ಟು ನಿಜವಾದ ಬೀಭತ್ಸವನ್ನು ತಾವು ದೊಡ್ಡ ಕಲಾವಿದರಲ್ಲೂ ಕಂಡಿಲ್ಲ, ಯಾರ ಹತ್ತಿರ ಕಲಿತಿರಿ ಎಂದು ಕೇಳಿದರು.

ಅಮ್ಮ ಕಿಟಕಿಯ ಸರಳು ಹಿಡಿದುಕೊಂಡೇ ನಾಚಿಕೊಂಡು ಹೇಳಿದರು: "ಕಲಿಯೂದೆಂತ ಮೇಡಂ, ಮದುವೆ ಆದಾಗಿಂದ ಅತ್ತೆ ಜೊತೆಗೇ ಇದ್ದೇನಲ್ಲ."

ಅವಳು ಕಾದದ್ದು ಯಾರಿಗೆ

ಶೃಂಗೇರಿಯ ಕ್ಲಾಸಿಗೆ ಅಡ್ಡಗದ್ದೆಯಿಂದ ಒಬ್ಬಳು ಹೈಸ್ಕೂಲು ಹುಡುಗಿ ಬರುತ್ತಿದ್ದಳು. ನಲ್ಲನಿಗಾಗಿ ಕಾಯುವ ನಾಯಿಕೆಯ ಪದವೊಂದನ್ನು ಅವಳಿಗೆ ಹೇಳಿಕೊಡುತ್ತಿದ್ದೆ. ಮೂರನೇ ದಿನದ ಕ್ಲಾಸಿಗೆ ಅವಳ ಅಪ್ಪ ಬಂದರು. ಮಗಳು ಮನೆಯ ಜಗಲಿಯಲ್ಲಿ ನಿಟ್ಟುಸಿರು ಬಿಡುತ್ತಿದ್ದಾಳೆ, ಯಾರಿಗೆ ಕಾಯುವುದು ಅಂತ ಕೇಳಿದರೆ ಟೀಚರನ್ನು ಕೇಳಿ ಅನ್ನುತ್ತಾಳೆ ಎಂದರು. ನಾಯಕ ಅಂದರೆ ದೇವರೇ, ನಾಯಿಕೆ ಅಂದರೆ ಜೀವಾತ್ಮ ಎಂದು ನಾನು ವೇದಾಂತ ಬಿಚ್ಚಿದೆ. ದೇವರಾದರೆ ಗುಡಿಯಲ್ಲೇ ಇರುತ್ತಾನೆ, ಇವಳೇ ಹೋಗಿ ನೋಡಿಕೊಂಡು ಬರಲಿ, ಇಷ್ಟು ಒದ್ದಾಡುವುದು ಯಾಕೆ ಎಂದು ಅವರು ಕೇಳಿದರು. ನಾನು ವೇದಾಂತ ಮಡಚಿಟ್ಟೆ.

ಕೊನೆಗೆ ನಾನೇ ಹುಡುಗಿಗೆ ಗುಟ್ಟಾಗಿ ಹೇಳಿದೆ: ನಲ್ಲನನ್ನು ಬಿಟ್ಟುಬಿಡು, ನಿಮ್ಮೂರಿನ ಸಂಜೆಯ ಬಸ್ಸನ್ನು ನೆನೆಸಿಕೊ. ಏನು ಹೇಳಲಿ, ಅವಳ ಮುಖದಲ್ಲಿ ವಿರಹ ಉಕ್ಕಿ ಬಂತು! ಆಸೆ, ಸಂಶಯ, ಸಿಟ್ಟು, ದಾರಿಯ ತಿರುವಿನಲ್ಲಿ ಸದ್ದು ಕೇಳಿ ಅರಳುವುದು, ಅದು ಲಾರಿ ಎಂದು ಗೊತ್ತಾಗಿ ಬಾಡುವುದು, ಎಲ್ಲ.

ಕಾರ್ಯಕ್ರಮದ ದಿನ ಸಭೆ ಉಸಿರು ಬಿಗಿಹಿಡಿದು ನೋಡಿತು. ಅಪ್ಪನೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಪದದ ಕೊನೆಯ ಸಾಲಿನಲ್ಲಿ ನಾಯಕ ಬರುತ್ತಾನೆ. ನಾಯಿಕೆ ನಾಚಿ ತಲೆ ತಗ್ಗಿಸಬೇಕು. ನಮ್ಮ ನಾಯಿಕೆ ನಾಚಲಿಲ್ಲ. ನೆರಿಗೆ ಎತ್ತಿ ಹಿಡಿದು, ಒಂದು ಕೈ ಮೇಲೆ ಮಾಡಿ ವೇದಿಕೆಯ ಅಂಚಿನ ತನಕ ಓಡಿ ಬಂದಳು. ಮುಂದೆ ಕೂತಿದ್ದ ಅಜ್ಜರೊಬ್ಬರು ತಡಮಾಡದೆ ಪಕ್ಕಕ್ಕೆ ಸರಿದು ಸೀಟು ಕೊಟ್ಟರು.

ಹತ್ತನೆಯ ರಸ

ನರಸಿಂಹರಾಜಪುರದ ಕಡೆ ಒಂದು ಶಾಲಾ ವಾರ್ಷಿಕೋತ್ಸವ. ಸೀತೂರಿನ ಒಬ್ಬಳು ಚಿಕ್ಕ ಹುಡುಗಿ ನವರಸ ತೋರಿಸುವವಳಿದ್ದಳು. ಮುಖ್ಯ ಅತಿಥಿಗಳು ಊರಿನ ದೊಡ್ಡ ಮನುಷ್ಯರು. ಕಲೆಯ ಬಗ್ಗೆ ತಮಗೆ ಏನೂ ಗೊತ್ತಿಲ್ಲ ಎಂದು ವಿನಯದಿಂದ ಶುರು ಮಾಡಿ, ಅದನ್ನು ಬಹಳ ಹೊತ್ತು ಸಾಧಿಸಿ ತೋರಿಸಿದರು. ಮಧ್ಯೆ ಎರಡು ಸಲ ಮೊಬೈಲಿಗೆ ಕರೆ ಬಂತು. ಅದರಲ್ಲಿ ಮಾತಾಡಿದ್ದೂ ಮೈಕಿನಲ್ಲೇ ಬಂತು.

ಆಮೇಲೆ ಹುಡುಗಿ ಕುಣಿದಳು. ಕೊನೆಯಲ್ಲಿ ಶಾಂತ ರಸ, ಕಣ್ಣು ಅರ್ಧ ಮುಚ್ಚಿ ನಿಂತಳು. ಅತಿಥಿಗಳು ಬಹುಮಾನ ಕೊಡುವಾಗ ಮತ್ತೆ ಮೈಕು ಹಿಡಿದು, ಎಲ್ಲಾ ಚೆನ್ನಾಗಿತ್ತು, ಅದರಲ್ಲೂ ಕಡೆಯದಾಗಿ ಮಗು ಹಸಿವನ್ನು ತೋರಿಸಿದ್ದು ಅಮೋಘ ಎಂದರು. ನಾನು ಪರದೆಯ ಹಿಂದೆ ಹಣೆ ಚಚ್ಚಿಕೊಂಡೆ. ಭರತ ಮುನಿಗೇ ಗೊತ್ತಿಲ್ಲದ ರಸ ಇವರಿಗೆ ಎಲ್ಲಿ ಸಿಕ್ಕಿತು ಎಂದು ಮೇಕಪ್ಪಿನವಳ ಹತ್ತಿರ ಆಡಿಕೊಂಡು ನಕ್ಕೆ.

ಹುಡುಗಿ ಕೆಳಗಿಳಿದು ಬಂದವಳೇ, ಈಗಾದರೂ ಊಟ ಮಾಡಬಹುದಾ ಎಂದು ಕೇಳಿದಳು. ಮಧ್ಯಾಹ್ನವೇ ಬಣ್ಣ ಹಚ್ಚಿದ್ದೆವು. ಅತಿಥಿಗಳ ಭಾಷಣ ಮುಗಿಯುವ ತನಕ ಯಾರಿಗೂ ಬಡಿಸಬಾರದು ಎಂದು ಶಾಲೆಯವರ ಅಪ್ಪಣೆಯಾಗಿತ್ತಂತೆ. ಮಹಾನುಭಾವರು ಹೊಸ ರಸವನ್ನು ಗುರುತಿಸಿದ್ದಷ್ಟೇ ಅಲ್ಲ, ಹುಟ್ಟಿಸಿದ್ದೂ ಅವರೇ.

ಕೌಂಟರಿನ ಮುಖ

ಮುಂದೆ ಬರುವ ಸರ್ಕಾರಿ ಕಚೇರಿ ಈ ಮೂರರಲ್ಲಿ ಯಾವ ಊರಿನದು ಎಂದು ಹೇಳುವುದಿಲ್ಲ. ನನಗೂ ಅಲ್ಲಿ ಕೆಲಸ ಬೀಳುತ್ತದೆ.

ಅಲ್ಲಿನ ಕೌಂಟರಿನಲ್ಲಿ ಕೂರುತ್ತಿದ್ದ, ನಲವತ್ತು ದಾಟಿದ ಹೆಂಗಸೊಬ್ಬರು ನನ್ನ ಕ್ಲಾಸಿಗೆ ಸೇರಿದರು. ಚಿಕ್ಕವರಿದ್ದಾಗ ಕುಣಿಯುವ ಆಸೆಯಿತ್ತಂತೆ, ಮನೆಯಲ್ಲಿ ಬೇಡ ಅಂದರಂತೆ. ಆಮೇಲೆ ನೌಕರಿ ಸಿಕ್ಕಿ, ಮುಖ ಕಲ್ಲಾಗಿತ್ತು. "ನಾಳೆ ಬನ್ನಿ" ಅನ್ನುವಾಗ ಕೆಳದುಟಿ ಬಿಟ್ಟು ಬೇರೇನೂ ಅಲ್ಲಾಡುತ್ತಿರಲಿಲ್ಲ. ಇವರು ಹೆಚ್ಚು ದಿನ ಬರಲಾರರು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಅವರು ಬಿಡಲಿಲ್ಲ.

ಕಾಣೆಯಾದ ಬಾಲಕೃಷ್ಣನನ್ನು ಯಶೋದೆ ಹುಡುಕುವ ಹಾಡು ಹೇಳಿಕೊಟ್ಟೆ. ಅವರು ಕೃಷ್ಣನನ್ನು ಸರತಿಯಲ್ಲಿ ಮುಂದಿನವರನ್ನು ಕರೆದಂತೆ ಕರೆದರು. ಎಷ್ಟು ತಿದ್ದಿದರೂ ಅಷ್ಟೇ. ಒಂದು ದಿನ ಸೋತು ನೆಲಕ್ಕೆ ಕೂತು, ಒಮ್ಮೆ ಜಾತ್ರೆಯ ಜನದಲ್ಲಿ ಮಗಳ ಕೈ ತಪ್ಪಿಹೋದದ್ದನ್ನು ಹೇಳಿದರು. ಸಿಗುವ ತನಕ ಅವಳ ಹೆಸರೇ ಬಾಯಿಗೆ ಬರುತ್ತಿರಲಿಲ್ಲವಂತೆ. ಅದನ್ನೇ ಮಾಡಿ ಅಂದೆ. ಎದ್ದು ಮಾಡಿದರು. ಕರೆಯಲು ಬಾಯಿ ತೆರೆದರು, ದನಿ ಬರದೆ ನಿಂತರು. ತಾಳ ಹಾಕುತ್ತಿದ್ದ ನನ್ನ ಕೈ ನಿಂತುಹೋಯಿತು. ವೇದಿಕೆಯಲ್ಲಿ ಅವರು ಅದನ್ನು ಮಾಡಿದಾಗ ಸಭೆಯ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡರು.

ತೊಂದರೆಯಾದದ್ದು ಆಮೇಲೆ. ಒಮ್ಮೆ ಕರಗಿದ ಮುಖ ಮತ್ತೆ ಗಟ್ಟಿಯಾಗಲೇ ಇಲ್ಲ. ಸ್ವಲ್ಪ ಕಾಲದ ನಂತರ ಅವರ ಮೇಲಧಿಕಾರಿ ನನ್ನನ್ನು ಬರಹೇಳಿದರು. ಸನ್ಮಾನವೇ ಇರಬೇಕೆಂದು ನಾನು ರೇಷ್ಮೆ ಸೀರೆ ಉಟ್ಟು ಹೋದೆ. ಅಲ್ಲಿ ಒಬ್ಬ ವಯಸ್ಸಾದ ರೈತರು ಕೂತಿದ್ದರು. ಈ ಹೆಂಗಸಿನ ಮೇಲೆ ದೂರು ಕೊಡಲು ಬಂದವರು. ಬೈದರಾ ಎಂದು ಅಧಿಕಾರಿ ಕೇಳಿದರು. ಇಲ್ಲವಂತೆ. ಏನಾದರೂ ಕೇಳಿದರಾ? ಅದೂ ಇಲ್ಲವಂತೆ.

"ಮತ್ತೆಂತ ದೂರು ಮಾರಾಯ್ರೇ?"

"ನನ್ನ ಕಷ್ಟ ಕೇಳಿ ಕಣ್ಣಲ್ಲಿ ನೀರು ತುಂಬ್ಕೊಳ್ತಾರೆ ಸ್ವಾಮಿ. ಅದನ್ನ ನೋಡಿ, ಇನ್ನು ಕೆಲಸ ಆಯ್ತು ಅಂತ ನಾನು ಬಾಗಿಲು ಹಾಕೋ ತನಕ ಬೆಂಚಲ್ಲಿ ಕೂತಿರ್ತೇನೆ. ಆಗೂದಿಲ್ಲ. ಮೊದಲಿನ ಮುಖ ಇದ್ದಾಗ ಬಾಗಿಲಲ್ಲೇ ಗೊತ್ತಾಗ್ತಿತ್ತು, ತಿರುಗಿ ಹೋಗಿ ಗದ್ದೆ ಕೆಲಸ ನೋಡ್ಕೊಳ್ತಿದ್ದೆ."

ಅಧಿಕಾರಿ ದೂರನ್ನು ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ತೀರಾ ಗಂಭೀರವಾಗಿ ಹೇಳಿದರು: "ನೋಡಿ ಟೀಚರೇ, ಕೆಲಸ ಬೇಗ ಮಾಡಿಕೊಡೂದು ನಮ್ಮ ಕೈಲಾಗೂದಲ್ಲ. ನೀವು ಆ ಮುಖ ಒಂದನ್ನ ಮೊದಲಿನ ಹಾಗೆ ಮಾಡಿಕೊಡ್ತೀರಾ?"