ಹುಕ್ಕೇರಿಯಲ್ಲಿ ಜಪಾನೀ ಬೋರ್ಡು

ಕಾಶೆವ್ವ: ಅಲ್ರಿ, ಇದನ್ನ ಓದಾವ್ರು ಯಾರು?

ಕರೆಪ್ಪ: ಯಾರಿಗೂ ಓದಾಕ ಬರಬಾರದು ಅಂತನ ಬರಸಾಕತ್ತೇನಿ.

ಕಾಶೆವ್ವ: ಹಂಗಾದ್ರ ಬರೇ ಹಲಗಿ ತೂಗ ಹಾಕ್ರಿ. ಬಣ್ಣಾನಾರ ಉಳೀತೈತಿ.

ಹೊಳೆಪ್ಪ: ಅಕ್ಕಾರ, ಬಣ್ಣ ಕಲಸಿಬಿಟ್ಟೇನ್ರಿ. ಇನ್ನ ಉಳಿಸಿದ್ರ ಡಬ್ಬ್ಯಾಗ ಒಣಗತೈತಿ.

ಬೆಳಗಾವಿ ಸೀಮೆ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಹುಕ್ಕೇರಿ ಬಸ್ ಸ್ಟ್ಯಾಂಡಿನ ಎದುರಿಗೆ ಹೊಸ ಚಾದಂಗಡಿ ಶುರುವಾಗಲು ಇನ್ನೊಂದು ತಾಸಿತ್ತು. ಒಲೆ ಹೊತ್ತಿತ್ತು, ಹಾಲು ಕಾದಿತ್ತು, ಅಂಗಡಿಗೆ ಹೆಸರು ಮಾತ್ರ ಏರಿರಲಿಲ್ಲ. ಕಾಶೆವ್ವನ ಗಂಡ ಕರೆಪ್ಪ ಪಲ್ಟನ್ನಿನಲ್ಲಿದ್ದವನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಒಂದು ವರ್ಷ ಕಾವಲಿದ್ದು, ಬರುವಾಗ ಒಂದು ಖಾಲಿ ಕಡ್ಡಿಪೆಟ್ಟಿಗೆ ತಂದಿದ್ದ. ಅಲ್ಲಿಯ ಯಾವುದೋ ಗಲ್ಲಿಯ ಅಂಗಡಿಯ ಹೆಸರು ಅದರ ಮೇಲೆ ಒಂದರ ಕೆಳಗೊಂದು ನಾಲ್ಕು ಅಕ್ಷರಗಳಲ್ಲಿ ಅಚ್ಚಾಗಿತ್ತು. ಎಂಟು ವರ್ಷ ಟ್ರಂಕಿನಲ್ಲಿ ಜೋಪಾನ ಮಾಡಿದ್ದನ್ನು ಈಗ ಪೇಂಟರ್ ಹೊಳೆಪ್ಪನ ಕೈಗಿಟ್ಟು, ಇದನ್ನೇ ದೊಡ್ಡದು ಮಾಡಿ ಬರೆ ಎಂದಿದ್ದ. ಈ ಸುದ್ದಿ ಕಾಶೆವ್ವನಿಗೆ ತಿಳಿದದ್ದು ಎರಡು ಅಕ್ಷರ ಒಣಗಿದ ಮೇಲೆ.

ಕರೆಪ್ಪ: ನೀ ಆ ಗಲ್ಲಿ ನೋಡಿಲ್ಲ, ಕಾಶಿ. ಎದುರಿಗಿ ಒಂದ ಎಮ್ಮಿ ಬಂದ್ರ ನಾವು ಹಿಂದಕ ಸರೀಬೇಕು, ಅಷ್ಟ ಸಣ್ಣದು. ಎರಡೂ ಬಾಜೂ ಕೆಂಪ ಕಾಗದದ ಕಂದೀಲು. ಹಲಗಿ ಮ್ಯಾಲ ಕರೇ ಅಕ್ಷರ, ಕುಂಚ ಹಿಡದ ಕುಣಕೋತ ಬರದಾಂಗ! ಏನ್ ಬರದಾರ ಅಂತ ಒಂದೂ ತಿಳೀಲಿಲ್ಲ. ತಿಳೀಲಿಲ್ಲ ಅಂತನ ಒಳಗ ಹೋದ್ನಿ.

ಕಾಶೆವ್ವ: ಗುರ್ತಿಲ್ಲದ ಮನಿಯೊಳಗ ಹಂಗ ಹೊಕ್ಕ್ರಿ?

ಕರೆಪ್ಪ: ಅಲ್ಲೇ ಐತಿ ಮಜಾ. ‘ಚಾ’ ಅಂತ ಬರದ್ರ ಚಾ ಬ್ಯಾಡಾದಾವ ಮುಂದ ಹೋಗತಾನ. ಏನೂ ತಿಳೀದಿದ್ರ ಹಣಿಕಿ ಹಾಕತಾನ. ಹಣಿಕಿ ಹಾಕಿದಾವ್ನ ಹಿಡದ ಕುಂಡರಸೂದು ಏನ್ ದೊಡ್ಡ ಮಾತು?

ಕಾಶೆವ್ವ: ಒಳಗ ನಿಮಗೇನ್ ಕೊಟ್ರು?

ಕರೆಪ್ಪ: ಬಿಸಿನೀರು.

ಕಾಶೆವ್ವ: ಬಿಸಿನೀರು?

ಕರೆಪ್ಪ: ಹೂಂ. ಇಷ್ಟ ಇಷ್ಟ ಬಟ್ಟಲದಾಗ.

ಕಾಶೆವ್ವ: ಎಷ್ಟ ಬಟ್ಟಲ ಕುಡದ್ರಿ?

ಕರೆಪ್ಪ: ಹನ್ನೆರಡಿರಬೇಕು. ಥಂಡಿ ಭಾಳ ಇತ್ತು.

ಕಾಶೆವ್ವ: ಹನ್ನೆರಡ ಬಟ್ಟಲ ಬಿಸಿನೀರ ಕುಡದು ಏನ್ ಮಾಡಿದ್ರಿ?

ಕರೆಪ್ಪ: ಹಾಡಿದ್ನಿ.

ನಗು ತಡೆಯಲು ಹೋಗಿ ಹೊಳೆಪ್ಪನ ಕುಂಚ ಹಲಗೆಯ ಮೇಲೆ ಜಾರಿತು. ಮೂರನೆಯ ಅಕ್ಷರಕ್ಕೆ ಇರದಿದ್ದ ಬಾಲವೊಂದು ಮೂಡಿತು.

ಕಾಶೆವ್ವ: ಅಯ್ಯಯ್ಯ, ಅದು ದಾರೂ ಅಂಗಡಿ!

ಕರೆಪ್ಪ: ಹಳೂಕ ಮಾತಾಡ!

ಕಾಶೆವ್ವ: ಮುಂಬೈ ಸರಕಾರ ದಾರೂಬಂದಿ ಮಾಡೈತಿ. ನೀವು ದಾರೂ ಅಂಗಡಿ ಹೆಸರ ತಂದು ನಡು ಊರಾಗ ತೂಗ ಹಾಕ್ತೀರಿ! ಫೌಜದಾರ ಓದಿದ್ರ?

ಕರೆಪ್ಪ: ಫೌಜದಾರಗ ಜಪಾನೀ ಬರತೈತೇನ?

ಕಾಶೆವ್ವ: ಕಲತ್ರ?

ಕರೆಪ್ಪ: ಕಲಿಯೂದ್ರಾಗ ಪೆನ್ಶನ್ ಆಗಿರತೈತಿ.

ಕಾಶೆವ್ವ: ಆ ಅಂಗಡಿ ನಡಸಾವ್ರು ಹೆಂಗಸೇನು?

ಕರೆಪ್ಪ: ಹೆಂಗಸಂದ್ರ ಏನ, ಎಂಬತ್ತ ವರ್ಷದ ಮುದಕಿ. ಬಾಯಾಗ ನಾಕ ಹಲ್ಲು.

ಕಾಶೆವ್ವ: ಹಲ್ಲ ಎಣಸೂ ಅಷ್ಟ ಬಾಜೂಕ ಕುಂತಿದ್ರಿ?

ಕರೆಪ್ಪ ಹೊಳೆಪ್ಪನ ಮುಖ ನೋಡಿದ. ಹೊಳೆಪ್ಪ ಬಣ್ಣದ ಡಬ್ಬಿ ನೋಡಿದ. ಕಾಶೆವ್ವ ಸೆರಗು ಕೊಡವಿ ಕಟ್ಟೆಯ ಮೇಲೆ ಕೂತಳು. ನಿಜ ಹೇಳಬೇಕೆಂದರೆ ಅವಳಿಗೆ ಸಿಟ್ಟಿದ್ದದ್ದು ಆ ಮುದುಕಿಯ ಮೇಲೂ ಅಲ್ಲ, ಆ ಬಿಸಿನೀರಿನ ಮೇಲೂ ಅಲ್ಲ.

ಕಾಶೆವ್ವ: ನೀವು ಒಂದ ವರ್ಷ ಓದಾಕ ಬರಲಾರದಾಂಗ ಇದ್ದು ಬಂದ್ರಿ, ನಿಮಗದು ಮಜಾ ಅನಸ್ತು. ನಾ ಹುಟ್ಟಿದಾಗಿಂದ ಹಂಗ ಅದೇನಿ. ಈ ಹುಕ್ಕೇರ್ಯಾಗಿನ ಎಲ್ಲಾ ಬೋರ್ಡೂ ನನಗ ಜಪಾನೀನ. ಹೋದ ಶ್ರಾವಣದಾಗ ನಿಡಸೋಸಿ ಬಸ್ ಅಂತ ಹತ್ತಿ ಗೋಕಾಕದಾಗ ಇಳದ್ನಿ. ಒಂದ ದಿನಾನೂ ನನಗ ಮಜಾ ಬಂದಿಲ್ಲ.

ಕರೆಪ್ಪ: ನೀ ಅವತ್ತ ಫಾಲ್ಸ್ ನೋಡಾಕ ಹೋಗಿದ್ನಿ ಅಂದಿದ್ದಿ?

ಕಾಶೆವ್ವ: ಇಳದ ಮ್ಯಾಲ ಏನ್ ಮಾಡ್ಲಿ? ನೋಡಿ ಬಂದ್ನಿ.

ಕರೆಪ್ಪನಿಗೆ ನಗು ಬಂತು, ನಗಲು ಧೈರ್ಯ ಬರಲಿಲ್ಲ. ಕಡ್ಡಿಪೆಟ್ಟಿಗೆಯನ್ನು ಹೊಳೆಪ್ಪನ ಕೈಯಿಂದ ತೆಗೆದುಕೊಂಡು ಅಂಗೈಯಲ್ಲಿ ಎರಡು ಸಲ ಹೊರಳಿಸಿದ.

ಕರೆಪ್ಪ: ಹೊಳೆಪ್ಪಾ, ಅಳಸ ಅದನ್ನ.

ಹೊಳೆಪ್ಪ: ಕಾಕಾ, ಆಯಿಲ್ ಪೇಂಟ್ ಐತ್ರಿ! ಸಾಲಿ ಪಾಟೀ ಅಲ್ಲ. ನಾಕೂ ಅಕ್ಷರ ಮುಗದಾವು. ಯಾ ತುದಿ ಮ್ಯಾಲ ಬರತೈತಿ ಅಷ್ಟ ಹೇಳ್ರಿ.

ಕರೆಪ್ಪ: ಈ ತುದಿ.

ಹೊಳೆಪ್ಪ: ಆವಾಗ ಆ ತುದಿ ಅಂದಿದ್ರಿ.

ಕರೆಪ್ಪ: ಪೆಟಗಿ ಹೆಂಗ ಹಿಡಿದಿದ್ನೋ ಹಂಗ ಹೇಳಿದ್ನಿ.

ಇಬ್ಬರೂ ಹಲಗೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿದರು. ಕಾಶೆವ್ವನಿಗೆ ತಡೆಯಲಾಗಲಿಲ್ಲ.

ಕಾಶೆವ್ವ: ಅದರ ಕಾಲು ಕೆಳಗ ಮಾಡ್ರಿ! ಅದೇನ ಡೊಂಬರಾಟ ಆಡಾಕತ್ತೈತೇನು, ತಲಿ ಮ್ಯಾಲ ನಿಂದ್ರಾಕ?

ತಿರುಗಿಸಿ ನೋಡಿದರೆ ಖರೆ. ಒಂದು ಅಕ್ಷರ ಕಾಲು ಅಗಲಿಸಿ ನಿಂತಿತ್ತು, ಇನ್ನೊಂದು ಬುಟ್ಟಿ ಹೊತ್ತು ಹೊರಟಂತಿತ್ತು. ಕಾಶೆವ್ವ ತನಗರಿವಿಲ್ಲದೆ ಎದ್ದು ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಲೇ ನಿಂತಳು. ಅಕ್ಷರದ ಮುಂದೆ ಹೆದರಿಕೆಯಿಲ್ಲದೆ ನಿಂತದ್ದು ಅವಳಿಗೆ ಅದೇ ಮೊದಲು.

ಕಾಶೆವ್ವ: ಛಂದ ಅದಾವ ಬಿಡ್ರಿ.

ಬೋರ್ಡು ಏರಿತು. ಬೆಳಗಾವಿಯ ಬಸ್ಸು ಬಂದು ನಿಂತಿತು. ಇಳಿದವರೆಲ್ಲ ಕತ್ತೆತ್ತಿ ನಿಂತರು. ದವಾಖಾನೆ ಎಂದ ಒಬ್ಬ. ಭವಿಷ್ಯ ಹೇಳುವವರು ಬಂದಿದ್ದಾರೆ ಎಂದಳು ಇನ್ನೊಬ್ಬಳು. ಎಲ್ಲರೂ ಹಣಿಕಿ ಹಾಕಿದರು. ಹಣಿಕಿ ಹಾಕಿದವರನ್ನೆಲ್ಲ ಕರೆಪ್ಪ ಹಿಡಿದು ಕೂರಿಸಿದ. ಹಲ್ಲು ಕೀಳಿಸಲೆಂದು ಒಳಗೆ ಬಂದ ನಾಗನೂರಿನವನೊಬ್ಬ ಎರಡು ಕಪ್ ಚಾ ಕುಡಿದು, ನೋವು ಕಡಿಮೆಯಾಯಿತೆಂದು ಹೋದ.

ಅಷ್ಟರಲ್ಲಿ ಗುರುಲಿಂಗಪ್ಪ ಮಾಸ್ತರು ಬಂದರು. ಊರಿನ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿ, ಒತ್ತು ದೀರ್ಘ ತಪ್ಪಿದ್ದರೆ ಅಂಗಡಿಯವನನ್ನು ಹೊರಗೆ ಕರೆದು ಬೈಯುವ ಮನುಷ್ಯ. ಬೋರ್ಡಿನ ಕೆಳಗೆ ನಿಂತರು. ಬಾಯಿ ತೆರೆದರು, ಮುಚ್ಚಿದರು. ಆಚೀಚೆ ನೋಡಿ, ಬಾಗಿಲಲ್ಲಿದ್ದ ಕಾಶೆವ್ವನನ್ನು ಕಣ್ಸನ್ನೆಯಲ್ಲಿ ಕರೆದರು.

ಗುರುಲಿಂಗಪ್ಪ: ತಂಗೀ, ಇದ... ಏನ್ ಬರದಾರವಾ?

ಒಳಗಿನಿಂದ ಕರೆಪ್ಪ ಬಾಯಿ ಹಾಕಲು ಬಂದ. ಕಾಶೆವ್ವ ಹಿಂದೆ ತಿರುಗದೆ ಕೈಯಡ್ಡ ಹಿಡಿದಳು.

ಕಾಶೆವ್ವ: ಓದಾಕ ಬರವಲ್ದೇನ್ರಿ ಮಾಸ್ತರ?

ಗುರುಲಿಂಗಪ್ಪ: ಹಂಗಲ್ಲವಾ, ಚಾಳೀಸ ಮನ್ಯಾಗ ಮರತ ಬಂದೇನಿ.

ಚಾಳೀಸು ಅವರ ಮೂಗಿನ ಮೇಲೆಯೇ ಇತ್ತು. ಇಂಥ ನೆವಗಳನ್ನು ತಾನೂ ಸಾಕಷ್ಟು ಹೇಳಿದವಳಾದ್ದರಿಂದ ಕಾಶೆವ್ವ ಆ ಕಡೆ ನೋಡಲಿಲ್ಲ. ಬೆರಳೆತ್ತಿ ತೋರಿಸಿದಳು.

ಕಾಶೆವ್ವ: ಮ್ಯಾಲಿಂದ ಬರ್ರಿ. ಇದು ಕಾ. ಇದು ಶೆ. ಇದು ವ್ವ.

ಗುರುಲಿಂಗಪ್ಪ: ನಾಕನೇದು?

ಕಾಶೆವ್ವ: ಚಾ.

ಗುರುಲಿಂಗಪ್ಪ: ಕಾ... ಶೆ... ವ್ವ... ಚಾ. ಹಾಂ, ಈಗ ಕಾಣಸ್ತ ನೋಡ. ಮತ್ತ ಕರೆಪ್ಪನ ಹೆಸರು?

ಕಾಶೆವ್ವ: ಅದು ಹಿಂದಿನ ಬಾಜೂ ಐತ್ರಿ. ಒಳಗ ಬಂದು ಕುಂತಾವ್ರಿಗಷ್ಟ ಕಾಣತೈತಿ. ಬರ್ರಿ, ಬರ್ರಿ.