ಕೋಪಕ್ಕೆ ರೇಷನ್

ನಮ್ಮ ಮಾವನಿಗೆ ಯುದ್ಧವೆಂದರೆ ಪಂಚಪ್ರಾಣ! ಗಾಬರಿಯಾಗಬೇಡಿ. ಮಾವ ಎಂದರೆ ನಮ್ಮಮ್ಮನ ಅಣ್ಣ. ಮನೆಯೊಳಗೆ ಜೇಡ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಹೊರಗೆ ಬಿಟ್ಟು ಬರುವ ಮನುಷ್ಯ. ಅವರ ಪ್ರೀತಿ ಕಾದಾಟದ ಮೇಲಲ್ಲ, ಕಾದಾಟ ನಡೆಯುವಾಗ ಜನರ ಮನೆಗೆ ಎಷ್ಟು ಸಕ್ಕರೆ ಸಿಗುತ್ತಿತ್ತು ಎಂಬುದರ ಮೇಲೆ. ಯುದ್ಧಕಾಲದ ಅರ್ಥವ್ಯವಸ್ಥೆಯನ್ನೇ ಜೀವಮಾನವಿಡೀ ಪಾಠ ಮಾಡಿ ನಿವೃತ್ತರಾದ ಪ್ರಾಧ್ಯಾಪಕರು. ಯಾವ ಯುದ್ಧದಲ್ಲಿ ಯಾರು ಗೆದ್ದರು ಎಂದು ಕೇಳಿ ನೋಡಿ, ತಡವರಿಸುತ್ತಾರೆ. ಬೆಣ್ಣೆಗೆ ಕೂಪನ್ ಇತ್ತೇ ಎಂದು ಕೇಳಿದಿರೋ, ಆವತ್ತು ನಿಮ್ಮ ಊಟ ತಪ್ಪಿತು!

ಹೊರದೇಶಕ್ಕೆ ಬಂದು ಎಂ.ಎಸ್. ಮುಗಿಸಿ ಶ್ಯಾಂಟಿಲಿಯಲ್ಲಿ ಕೆಲಸಕ್ಕೆ ಸೇರಿದ ನಾನು ಪಕ್ಕದೂರು ರೆಸ್ಟನ್‌ನ ಅವರ ಮನೆಯ ಬೇಸ್‌ಮೆಂಟಿನಲ್ಲಿದ್ದೆ. ಮಂಚದ ಮೂರು ಕಡೆಯೂ ಅವರ ಕಾಗದಪತ್ರಗಳ ಪೆಟ್ಟಿಗೆಗಳು. ಒಂದರ ಮೇಲೆ 'ಸಕ್ಕರೆ', ಇನ್ನೊಂದರ ಮೇಲೆ 'ಸಾಬೂನು', ನನ್ನ ದಿಂಬಿನ ಪಕ್ಕದ್ದರ ಮೇಲೆ 'ಹಸಿವು, ಇತರೆ' ಎಂದು ಬರೆದಿತ್ತು. ನನಗೆ ಅಲ್ಲಿ ಒಳ್ಳೆಯ ನಿದ್ದೆ ಬರುತ್ತಿತ್ತು.

ಆಗ ಬಂತು ಎರಡು ಸಾವಿರದ ಇಪ್ಪತ್ತು. ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರ್ ಖಾಲಿ, ಹಿಟ್ಟು ಖಾಲಿ. ಊರೆಲ್ಲ ಹೆದರಿ ಕೂತಿದ್ದರೆ ಮಾವನ ಮುಖದಲ್ಲಿ ಮದುವೆ ಮನೆಯ ಕಳೆ. ಇಷ್ಟು ವರ್ಷ ಪುಸ್ತಕದಲ್ಲಿ ಓದಿದ ಅಭಾವ ಮನೆ ಬಾಗಿಲಿಗೇ ಬಂದಿದೆಯಲ್ಲ! ಮಾಸ್ಕ್ ಹಾಕಿಕೊಂಡು ಒಂದೇ ವಾರದಲ್ಲಿ ಮೂರು ಸಲ ಅಂಗಡಿಗೆ ಹೋಗಿ ಬರಿಗೈಯಲ್ಲಿ ವಾಪಸಾದರು.

"ಬೇರೆಯವರು ಸಾಮಾನು ತರಕ್ಕೆ ಹೋಗ್ತಾರೆ," ಎಂದರು ಅತ್ತೆ. "ಇವರು ಇಲ್ಲದಿರೋ ಸಾಮಾನು ನೋಡಕ್ಕೆ ಹೋಗ್ತಾರೆ!"

ಅಭಾವ ಮನೆಯೊಳಗೆ ಬಂದದ್ದು ಮಾತ್ರ ಬೇರೆ ರೂಪದಲ್ಲಿ. ಮಾವನ ಮಗಳಿಗೆ ಆಶ್‌ಬರ್ನ್‌ನ ಡೇಟಾ ಸೆಂಟರಿನಲ್ಲಿ ಕೆಲಸ. ಆ ಯಂತ್ರಗಳು ವರ್ಕ್ ಫ್ರಮ್ ಹೋಮ್ ಮಾಡುವುದಿಲ್ಲವಲ್ಲ! ಹಾಗಾಗಿ ದಿನಾ ಬೆಳಿಗ್ಗೆ ಏಳು ವರ್ಷದ ಅನ್ವಿಯನ್ನು ಅಜ್ಜಿ ತಾತನ ಬಳಿ ಬಿಟ್ಟು ಹೋಗುತ್ತಿದ್ದಳು. ಅನ್ವಿಯ ಶಾಲೆ ಊಟದ ಮೇಜಿನ ಮೇಲೆ, ಒಂದು ಟ್ಯಾಬ್ಲೆಟ್ಟಿನಲ್ಲಿ. ಟೀಚರು ತನ್ನ ಕಡೆ ನೋಡಲಿಲ್ಲ ಎಂದು ಅವಳು ಒಂದು ದಿನ ಆ ಟ್ಯಾಬ್ಲೆಟ್ಟನ್ನು ಸಾಂಬಾರಿನ ಪಾತ್ರೆಗೆ ಎಸೆದಳು. ಅತ್ತೆ ಅನ್ವಿಯ ಮೇಲೆ ರೇಗಿದರು. ಮಾವ ಅತ್ತೆಯ ಮೇಲೆ ರೇಗಿದರು. ಆಮೇಲೆ ಮಾವ ನೋಟ್‌ಬುಕ್ ತಂದು ಸಾಂಬಾರಿನ ಪಕ್ಕ ಕೂತು ಬರೆಯತೊಡಗಿದರು.

ಮಕ್ಕಳ ಸಿಡುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಹದಿನೈದು ದಿನ ಓದಿ ಅವರು ಕಂಡುಕೊಂಡ ಸತ್ಯ ಇದು: ಕೋಪ ಪುಕ್ಕಟೆ ಸಿಗುತ್ತಿರುವುದರಿಂದಲೇ ಜನ ಅದನ್ನು ಬೇಕಾಬಿಟ್ಟಿ ಬಳಸುತ್ತಾರೆ. ಪರಿಹಾರ? ರೇಷನ್! ಹಳೆಯ ಟಿಪ್ಪಣಿ ಕಾರ್ಡುಗಳನ್ನು ಕತ್ತರಿಸಿ, ಹಿಂದೆ ಸಹಿ ಹಾಕಿ, ತಲೆಗೆ ವಾರಕ್ಕೆ ಐದು ಕೂಪನ್ ಹಂಚಿದರು. ಒಂದು ಕೂಪನ್ನಿಗೆ ಒಂದು ಕೋಪ.

ಅತ್ತೆಯ ಐದೂ ಸೋಮವಾರ ಮಧ್ಯಾಹ್ನದೊಳಗೆ ಮುಗಿದವು. ಐದೂ ಮಾವನ ಮೇಲೆಯೇ.

"ಕೂಪನ್ ಇಲ್ಲ ಅಂದ್ರೆ ಕೋಪ ಬರಲ್ವೇನ್ರೀ?"

"ಬರತ್ತೆ. ಆದ್ರೆ ಅದು ಅಕ್ರಮ."

ಅಚ್ಚರಿಯೆಂದರೆ ಅನ್ವಿ ದಿನಕ್ಕೆ ಎರಡು ಸಲ ಸಿಡಿಯುತ್ತಿದ್ದಳು, ಪ್ರತಿ ಸಲವೂ ನ್ಯಾಯವಾಗಿ ಕೂಪನ್ ಕೊಡುತ್ತಿದ್ದಳು. ಎಲ್ಲಿಂದ? ಹೇಳಲು ಸಂಕೋಚವಾಗುತ್ತದೆ, ನನ್ನಿಂದ. ಒಂದು ಚಾಕೊಲೇಟಿಗೆ ಎರಡು. ಸಿಕ್ಕಿಬಿದ್ದ ದಿನ ಮಾವ ಇಬ್ಬರನ್ನೂ ಮೇಜಿನ ಎದುರು ನಿಲ್ಲಿಸಿದರು.

"ತಾತ, ಅಕ್ಕ ಅದನ್ನ ಯೂಸೇ ಮಾಡಲ್ಲ! ವೇಸ್ಟ್ ಆಗ್ತಿತ್ತು!" ಎಂದಳು ಅನ್ವಿ.

"ಕಾಳಸಂತೆ!" ಎಂದರು ಮಾವ, ಕಣ್ಣು ಹೊಳೆಯುತ್ತಿತ್ತು. "ಎರಡೇ ವಾರಕ್ಕೆ ಕಾಳಸಂತೆ! ಲೇ, ಕೇಳಿಸ್ತಾ? ನಮ್ಮ ಮನೇಲೇ!" ಪಾಯಸ ಮಾಡಿಸುವುದೊಂದು ಬಾಕಿ. ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಹತ್ರ ಯಾಕೆ ಐದಕ್ಕೆ ಐದೂ ಉಳಿಯತ್ತೆ?"

"ನನಗೆ ಕೋಪ ಬರಲ್ಲ ಮಾವ."

ಅವರು ನಗಲಿಲ್ಲ. ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು.

ನನ್ನದು ಮಾತು ಕಡಿಮೆ. ಬರೆಯುವುದು ಇನ್ನೂ ಕಡಿಮೆ. ಮಾವನೋ, ಮೇಲಿನ ಮಹಡಿಯಿಂದ ಬೇಸ್‌ಮೆಂಟಿಗೆ ವಾಟ್ಸಾಪಿನಲ್ಲಿ ಪೀಠಿಕೆ ಸಮೇತ ಬರೆಯುವವರು. "ಕಾಫಿ ಸಿದ್ಧವಾಗಿದೆ. ಇಂದಿನ ಪುಡಿ ಹೊಸದು. ನಿನ್ನೆಯದಕ್ಕಿಂತ ಉತ್ತಮವೆಂದು ನನ್ನ ಅಭಿಪ್ರಾಯ; ನಿನ್ನ ಅತ್ತೆಗೆ ಭಿನ್ನಾಭಿಪ್ರಾಯವಿದೆ." ನಾನು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದೆ. "ಹೆಬ್ಬೆಟ್ಟು ಒತ್ತೋರು ಓದು ಬರಹ ಬರದೆ ಇರೋರು ಕಣಮ್ಮಾ," ಎಂದು ಮೆಟ್ಟಿಲಿನಿಂದ ಕೂಗುತ್ತಿದ್ದರು. "ನೀನು ಎಂ.ಎಸ್. ಮಾಡಿದೀಯ!"

ಆ ಚಳಿಗಾಲದಲ್ಲಿ ನನ್ನದೊಂದು ಸಂಬಂಧ ಮುರಿಯಿತು. ಹುಡುಗ ಷಾರ್ಲೆಟ್‌ನವನು. ಏಳು ತಿಂಗಳು ವಿಡಿಯೋದಲ್ಲಿ ಮಾತಾಡಿದ್ದೆವು. ಎರಡು ಸಾಲಿನ ಸಂದೇಶದಲ್ಲಿ ಬೇಡವೆಂದ. ಎರಡು ದಿನ ನಾನು ಊಟಕ್ಕೆ ಮೇಲೆ ಬರದಿದ್ದಾಗ ಮಾವ ಕಾಫಿ ಹಿಡಿದು ಕೆಳಗೆ ಬಂದರು. 'ಸಾಬೂನು' ಪೆಟ್ಟಿಗೆಯ ಮೇಲೆ ಕೂತು ಎಲ್ಲ ಕೇಳಿದರು. ಯಾರಿಗೂ ಹೇಳಬೇಡಿ ಎಂದೆ. ಆಗಲಿ ಎಂದರು.

ಮುಂದಿನ ವಸಂತದಲ್ಲಿ ಕನ್ನಡ ಕೂಟದವರು ಆನ್‌ಲೈನಿನಲ್ಲಿ ಅವರ ಉಪನ್ಯಾಸ ಇಟ್ಟರು: ಯುದ್ಧಕಾಲದ ಅಭಾವ ಮತ್ತು ಮನೆಯೊಳಗಿನ ಕೋಪ. ಇಲ್ಲಿಂದ ಅಟ್ಲಾಂಟಾದ ತನಕ ಜನ ಸೇರಿದ್ದರು. ನಾನು ಪಕ್ಕದಲ್ಲಿ ಕೂತು ಸ್ಲೈಡ್ ಬದಲಿಸುತ್ತಿದ್ದೆ. ಕಾಳಸಂತೆಯ ಕಥೆಗೆ ಚಾಟ್ ತುಂಬ ನಗು. ಆ ಹುಮ್ಮಸ್ಸಿನಲ್ಲಿ ಮಾವ ಸ್ಲೈಡಿನಲ್ಲಿ ಇಲ್ಲದ್ದೊಂದನ್ನು ಶುರು ಮಾಡಿದರು.

"ಕೊನೆಯದಾಗಿ ಒಂದು ಪ್ರಕರಣ. ಗೋಪ್ಯತೆಯ ದೃಷ್ಟಿಯಿಂದ ಹೆಸರು ಹೇಳುವುದಿಲ್ಲ. 'ಕ' ಎಂದು ಕರೆಯೋಣ. 'ಕ' ಇಪ್ಪತ್ತೇಳು ವರ್ಷದ ಯುವತಿ. ಸಂಶೋಧಕನ ಮನೆಯ ಬೇಸ್‌ಮೆಂಟಿನಲ್ಲಿ ವಾಸ."

ಚಾಟಿನಲ್ಲಿ ಒಬ್ಬರು ಬರೆದರು: "ಸರ್, 'ಕ' ಅಂದ್ರೆ ಈಗ ಸ್ಲೈಡ್ ಚೇಂಜ್ ಮಾಡ್ತಿರೋರಾ?"

ಮಾವನಿಗೆ ಚಾಟ್ ಓದುವ ಅಭ್ಯಾಸವಿಲ್ಲ. ಷಾರ್ಲೆಟ್ ಹುಡುಗನೊಂದಿಗಿನ ಏಳು ತಿಂಗಳ ಸಂಬಂಧ ಮುರಿದರೂ 'ಕ' ಒಂದು ಕೂಪನ್ ಕೂಡ ಖರ್ಚು ಮಾಡಲಿಲ್ಲ ಎಂದರು. ಕೂಡಿಟ್ಟ ಧಾನ್ಯಕ್ಕೆ ಹುಳು ಬೀಳುತ್ತದೆ ಎಂದರು. ಚಾಟ್ ಓಡುತ್ತಿತ್ತು. "ಅಯ್ಯೋ ಪಾಪ." "ಷಾರ್ಲೆಟ್ ಹುಡುಗಾನಾ?" "ಅಟ್ಲಾಂಟಾದಲ್ಲಿ ನಮ್ಮ ಕಡೆ ಒಳ್ಳೆ ಹುಡುಗ ಇದಾನೆ, ಗ್ರೀನ್ ಕಾರ್ಡ್ ಇದೆ." ನಾನು ಗುಂಡಿ ಒತ್ತಿದೆ. 'ಎಲ್ಲರಿಗೂ ವಂದನೆಗಳು' ಎಂಬ ಕೊನೆಯ ಸ್ಲೈಡ್ ಬಂತು. ಮಾವ ಅದನ್ನು ನೋಡದೆ ಇನ್ನೊಂದು ವಾಕ್ಯ ಹೇಳಿದರು: "ಏನು ಮಾಡಬೇಕೆಂದು ಸಂಶೋಧಕನಿಗೆ ತಿಳಿಯುತ್ತಿಲ್ಲ." ನನಗಾಗ ಅದು ಉಪನ್ಯಾಸದ ವಾಕ್ಯದಂತೆ ಕೇಳಿಸಿತು.

"ನಿಮಗೆ ಬುದ್ಧಿ ಇದೆಯೇನ್ರೀ?" ಅತ್ತೆಯ ದನಿ ಬೇಸ್‌ಮೆಂಟಿಗೂ ಕೇಳುತ್ತಿತ್ತು. "ಹುಡುಗಿ ಮಾನ ಮೂರು ರಾಜ್ಯದಲ್ಲಿ ಹರಾಜು ಹಾಕಿದ್ರಲ್ಲ!"

"ಹೆಸರು ಹೇಳಲಿಲ್ಲವಲ್ಲೇ..."

ಸಂಜೆ ಅವರು ಕೆಳಗೆ ಬಂದರು. ಕೈಯಲ್ಲಿ ಮನೆಯ ಅಷ್ಟೂ ಕೂಪನ್ನುಗಳು. ನನ್ನ ಕೀಬೋರ್ಡಿನ ಪಕ್ಕ ಸುರಿದರು.

"ಎಲ್ಲಾನೂ ಖರ್ಚು ಮಾಡು ಮಗೂ. ನಾನು ಇಲ್ಲೇ ಕೂತಿರ್ತೀನಿ."

"ಪರವಾಗಿಲ್ಲ ಮಾವ," ಎಂದೆ. "ಕಾಫಿ ಆಯ್ತಾ?"

ಬೈದಿದ್ದರೆ ಅವರಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಆ ಮನೆಯಲ್ಲಿ ಅವರು ಬೈಗುಳದ ನಡುವೆಯೇ ಸುಖವಾಗಿದ್ದವರು. 'ಪರವಾಗಿಲ್ಲ' ಎಂಬುದಕ್ಕೆ ಅವರ ಯಾವ ಪೆಟ್ಟಿಗೆಯಲ್ಲೂ ಉತ್ತರವಿರಲಿಲ್ಲ. ಕೂಪನ್ನುಗಳನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಅವರಿಗೆ ಬೈಗುಳವೇ ಬೇಕಿತ್ತೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಮೂರು ವಾರಕ್ಕೆ ಆಶ್‌ಬರ್ನ್‌ಗೆ ಮನೆ ಬದಲಿಸಿದೆ. ಆಫೀಸಿಗೆ ಹತ್ತಿರ ಎಂದೆ. ನಕ್ಷೆ ನೋಡಿದರೆ ರೆಸ್ಟನ್ನೇ ಹತ್ತಿರ. ಸಾಲದ್ದಕ್ಕೆ ಆಗ ಆಫೀಸೇ ತೆರೆದಿರಲಿಲ್ಲ! ಮಾವ ನನ್ನ ಪುಸ್ತಕಗಳನ್ನು ಕಾರಿಗೆ ಹೊತ್ತರು. ಮರುವರ್ಷ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿತು. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ತಪ್ಪದೆ ಸಂದೇಶ ಕಳಿಸುತ್ತಿದ್ದೆ, ಒಂದು ಸಾಲು, ವಿನಯದಿಂದ. ಅವರ ಉತ್ತರಗಳ ಪೀಠಿಕೆ ಮೊದಲು ಹೋಯಿತು. ಆಮೇಲೆ ಕಾಫಿಪುಡಿಯ ವಿಷಯ ಹೋಯಿತು. ಒಂದು ಯುಗಾದಿಗೆ ಅವರಿಂದಲೂ ಹೆಬ್ಬೆಟ್ಟು ಬಂತು.

ಮೂರು ವರ್ಷದ ಮೇಲೆ, ಹೋದ ಶರತ್ಕಾಲದಲ್ಲಿ ರೆಸ್ಟನ್‌ಗೆ ಹೋದೆ. ಬಾಗಿಲು ತಟ್ಟುವ ಮೊದಲೇ ಅನ್ವಿಯ ಕೂಗು: "ತಾತ, ಯು ಆರ್ ಇಂಪಾಸಿಬಲ್! ನನ್ ಪ್ರಾಜೆಕ್ಟಲ್ಲಿ ಯಾಕೆ ಸಕ್ಕರೆ ಬರ್ದಿದೀರ?" ಮಾವ ಅಷ್ಟೇ ಜೋರಾಗಿ ವಾದಿಸುತ್ತಿದ್ದರು. ನನ್ನನ್ನು ಕಂಡದ್ದೇ ದನಿ ಇಳಿಸಿದರು.

"ಬಾಮ್ಮಾ, ಕೂತ್ಕೋ. ಪ್ರಯಾಣ ಚೆನ್ನಾಗಾಯ್ತಾ?"

ಅವರೇ ಕಾಫಿ ತಂದರು. ಆ ಮನೆಯಲ್ಲಿ ನಾವೆಲ್ಲ ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದವರು. ಇದು ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಕೆಳಗೆ ಸಾಸರು. ಕಾಫಿ ಸಾಸರಿಗೆ ತುಳುಕಿತ್ತು.

"ನನಗ್ಯಾಕೆ ಮಾವ ಇದು?"

"ಬಂದವರಿಗೆ ಹಾಗೇ ಕೊಡೋದಲ್ವೇನಮ್ಮಾ," ಎಂದರು. ಕೊಂಕಿರಲಿಲ್ಲ. ಬರೀ ಮರ್ಯಾದೆ.

ಬಂದವರು! ಮೂರು ವರ್ಷ ನಾನೇ ಕಷ್ಟಪಟ್ಟು ಸಂಪಾದಿಸಿದ ಪದವಿ ಅದು. ಕಪ್ಪು ಕೆಳಗಿಟ್ಟೆ. "ಅವತ್ತು ಅಷ್ಟು ಜನರ ಮುಂದೆ ನನ್ನ ವಿಷಯ ಹೇಳಿದ್ದು ತಪ್ಪು ಮಾವ," ಎಂದೆ. ದನಿ ಪಿಸುಮಾತಾಗಿ ಬಂತು. "ಯಾರಿಗೂ ಹೇಳಲ್ಲ ಅಂದಿದ್ರಿ. ನಾನು ನಿಮ್ಮನ್ನ ನಂಬಿದ್ದೆ."

ಮಾವ ಕುರ್ಚಿಯನ್ನು ನನ್ನ ಮೊಣಕಾಲು ತಾಗುವಷ್ಟು ಹತ್ತಿರ ಎಳೆದುಕೊಂಡರು. ಕೈಯನ್ನು ಕಿವಿಯ ಹಿಂದೆ ಇಟ್ಟರು.

"ಜೋರಾಗಿ ಹೇಳು ಮಗೂ," ಎಂದರು. "ಈಗೀಗ ಕಿವಿ ಸರಿಯಾಗಿ ಕೇಳ್ಸಲ್ಲ."

ಇನ್ನೊಮ್ಮೆ ಹೇಳಿದೆ. ಅವರು ಕೇಳಿಸಲಿಲ್ಲವೆಂದು ತಲೆಯಾಡಿಸಿ, ಕಿವಿಯನ್ನು ಇನ್ನಷ್ಟು ಹತ್ತಿರ ತಂದರು. ಕೂಗಿ ಹೇಳಿದೆ. ಮೂರು ವರ್ಷದ ಹಿಂದೆ ಹೇಳಿದ್ದರೆ ಮೆಲ್ಲಗೆ ಹೇಳಿದರೂ ಕೇಳಿಸುತ್ತಿತ್ತು.